ಸಾಬೂನಿನ ಮೇಲಿನ ಬಸವ

ಮೊನ್ನೆ ಅಟ್ಟ ಗುಡಿಸುತ್ತಿದ್ದ ಸೊಸೆ, ಮೇಣ ಮೆತ್ತಿದ ಒಂದು ಮರದ ಅಚ್ಚನ್ನು ತಂದು, ಇದು ಯಾವ ತಿಂಡಿಯದು ಎಂದು ಕೇಳಿದಳು. ಮೂಸಿ ನೋಡಿದೆ. ಇಷ್ಟು ವರ್ಷದ ಮೇಲೂ ಹಿಪ್ಪೆ ಎಣ್ಣೆಯ ಕಹಿ ವಾಸನೆ... ಅದು ನನ್ನ ಮಾವನವರ ಸಾಬೂನಿನ ಅಚ್ಚು. ಯಾವುದೋ ತಿಂಡಿಯದು ಬಿಡು ಎಂದು ಕಸಿದುಕೊಂಡೆ. ನಾಚಿಕೆ ಇನ್ನೂ ಹೋಗಿಲ್ಲ, ನೋಡಿ.

ನಾನು ಮದುವೆಯಾಗಿ ತಮಿಳು ಸೀಮೆಯ ಈ ಕೊಂಬೈಗೆ ಬಂದಾಗ ಗೂಡಲೂರಿನಾಚೆ ಬೆಟ್ಟದ ಮೇಲೆ ಅಣೆಕಟ್ಟು ಕಟ್ಟುತ್ತಿದ್ದರು. ಕೂಲಿಯವರಿಗೆ ಸಾಬೂನು ಬೇಕಿತ್ತು. ಬೇಸಾಯದವರಾದ ಮಾವನವರು ಹಿತ್ತಲಲ್ಲಿ ಒಲೆ ಹೂಡಿ, ಎಣ್ಣೆಗೆ ಬೂದಿ-ಸುಣ್ಣದ ತಿಳಿ ಸುರಿದು ಕಾಯಿಸುತ್ತಿದ್ದರು. ದಿಂಡಿಗಲ್ಲಿನ ವ್ಯಾಪಾರಿಯೊಬ್ಬ, ಗುರುತಿಲ್ಲದ ಮುದ್ದೆಯನ್ನು ಯಾರು ಕೇಳುತ್ತಾರೆ, ಚೆಂದದ ಅಚ್ಚೊತ್ತಿ ತಂದರೆ ಅಂಗಡಿಯಲ್ಲಿಡುತ್ತೇನೆ ಎಂದಿದ್ದ. ಅಂದಿನಿಂದ ಅವರಿಗೆ ಅದೇ ಹುಚ್ಚು.

ಮೊದಲು ಎಲೆ ಕೆತ್ತಿದರು; ಅಂಚು ಉದುರಿತು. ರಂಗೋಲಿ ಕೆತ್ತಿದರು, ಗೆರೆ ಮುಚ್ಚಿಹೋಯಿತು. ಕೊನೆಗೆ ನಮ್ಮ ಕುಲದ ಬಸವನನ್ನು ಕೆತ್ತಿದರು. ನೊಗ ಹೊರದ, ದೇವರಿಗೆ ಬಿಟ್ಟ ಹಿಂಡಿನ ಬಸವ. ಅಚ್ಚಿನಿಂದ ಬಿಡಿಸುವಾಗ ಕೊಂಬು ಮುರಿಯುತ್ತಿತ್ತು. ಕೊಂಬನ್ನು ಹಿಂದಕ್ಕೆ ಬಾಗಿಸಿ ಡುಬ್ಬಕ್ಕೆ ತಾಗಿಸಿದರು. ಅಚ್ಚಿಗೆ ಎಣ್ಣೆ ಸವರುವುದು ನನ್ನ ಕೆಲಸ. ಮುರಿಯದೆ ಬಂದ ಮೊದಲ ಬಸವನನ್ನು ಅಂಗೈಯಲ್ಲಿಟ್ಟುಕೊಂಡು ಅವರು ನಕ್ಕ ನಗು...

ದಿಂಡಿಗಲ್ಲಿಗೆ ಕಳಿಸುವ ಮುನ್ನ ನೆಂಟರನ್ನೆಲ್ಲ ಕರೆದು, ಮೊದಲ ಬಿಲ್ಲೆಯನ್ನು ತಮ್ಮ ಅಕ್ಕನ ಕೈಗೆ ಕೊಟ್ಟರು. ಆಕೆ ಕಣ್ಣಿಗೊತ್ತಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು:

"ತಂಬಿ, ಸಾಮಿನ ಕಾಲ್ಗ ತೇಯ್ಕೊಂಡು ಬಚ್ಚಲ್ಗ ಬುಡ್ಲಾ?"

ಮಾವನವರ ಮುಖ ಇಳಿದುಹೋಯಿತು. "ಕೊಂಬ್ ಮಾತ್ರ ನೋಡ್ಕೊಂಡಿದ್ದೆ ಅಕ್ಕಾ. ಮಿಕ್ಕುದ್ದ ಯೋಚ್ನ ಮಾಡ್ಲಿಲ್ಲ."

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಬ್ಬೊಬ್ಬರೇ ತಲೆ ತಗ್ಗಿಸಿ ಎದ್ದು ಹೋದರು. ನೊರೆ ಬರುತ್ತದೋ ಇಲ್ಲವೋ ನೋಡಲೆಂದು ಕೊಂಬು ಮುರಿದ ಬಸವನನ್ನು ದಿನವೂ ಉಜ್ಜಿ ಸವೆಸಿದವರು ನಮ್ಮ ಮನೆಯವರೇ ಅಲ್ಲವೇ? ನನ್ನ ಹಿಮ್ಮಡಿ ನೋಡಿಕೊಳ್ಳಲೂ ನನಗೆ ನಾಚಿಕೆಯಾಯಿತು.

ಮಾಡಿಟ್ಟ ಬಿಲ್ಲೆಗಳನ್ನು ಮಾರುವಂತಿಲ್ಲ, ಕರಗಿಸುವಂತಿಲ್ಲ, ಎಸೆಯುವಂತಿಲ್ಲ. ದೇವರ ಗೂಡಿನಲ್ಲಿಟ್ಟು ದೀಪ ಹಚ್ಚಿದರು. ಎಣ್ಣೆಯ ಆಸೆಗೆ ಇಲಿಗಳು ಬಂದು ತಿಂದವು. ಊರ ಬಾಯಿಗೆ ಮುಚ್ಚಳ ಎಲ್ಲಿದೆ? ಬಾವಿಕಟ್ಟೆಯಲ್ಲಿ ನಮ್ಮನ್ನು ಕಂಡರೆ ಸಾಕು, ಇಲಿಯ ಮೈ ಎಷ್ಟು ಬೆಳ್ಳಗಾಯಿತು ಎಂದು ಕೇಳುತ್ತಿದ್ದರು. ಮಾವನವರು ಮತ್ತೆ ಆ ಒಲೆ ಹಚ್ಚಲಿಲ್ಲ. ದಿಂಡಿಗಲ್ಲಿನವನ ಆಳು ಬಂದಾಗಲೆಲ್ಲ, ಮನೆಯಲ್ಲಿಲ್ಲ ಎಂದು ನನ್ನಿಂದ ಹೇಳಿಸಿ, ತಾವು ಬಾಗಿಲ ಹಿಂದೆ ನಿಂತಿರುತ್ತಿದ್ದರು.

ಸೊಸೆ ಅತ್ತ ಹೋದ ಮೇಲೆ ಅಚ್ಚನ್ನು ಬೆಳಕಿಗೆ ಹಿಡಿದೆ. ಬಸವ ಕಾಣಲಿಲ್ಲ. ಸುಡಲು ಮನಸ್ಸಾಗದೆ ಮಾವನವರೇ ಆ ಕುಳಿಗೆ ಜೇನುಮೇಣ ತುಂಬಿ ಮುಚ್ಚಿದ್ದರು. ಅವರು ಹೋಗಿ ಎಷ್ಟೋ ಕಾಲವಾಯಿತು... ಮೇಣದ ಮೇಲೆ ಅವರ ಹೆಬ್ಬೆರಳಿನ ಗೆರೆಗಳು ಒಂದೂ ಮುರಿಯದೆ ಹಾಗೆಯೇ ಉಳಿದಿವೆ.