ಕಂದು ಕುದುರೆ ಮರಿ ಹಾಕಿದ ದಿನ

ಮುಧೋಳದ ಹತ್ತಿರ ನಿವೃತ್ತ ಪಶುವೈದ್ಯರೊಬ್ಬರು ತಮ್ಮ ಹೊಲದಲ್ಲೇ ಕುದುರೆಗಳಿಗೊಂದು ಆಶ್ರಯ ಕಟ್ಟಿದ್ದಾರೆ. ಬನಹಟ್ಟಿಯ ನೇಕಾರರ ಮನೆಯವಳಾದ ನಾನು ಅಲ್ಲಿಗೆ ಮೊದಲ ಸಲ ಹೋಗಿದ್ದು, ಗಾಯಕ್ಕೆ ಕಟ್ಟಲು ಹಳೆಯ ಹತ್ತಿ ಬಟ್ಟೆ ಕೊಡಲಿಕ್ಕೆ. ಆಮೇಲೆ ಬಿಡಲಾಗಲಿಲ್ಲ. ಈಗ ನಾಲ್ಕು ವರ್ಷದಿಂದ ದಿನವೂ ಬೆಳಗಿನ ಬಸ್ಸಿಗೆ ಹೋಗುತ್ತೇನೆ.

ಆ ಕಂದು ಕುದುರೆಯನ್ನು ಹಿಪ್ಪರಗಿ ರಸ್ತೆಯಿಂದ ತಂದಿದ್ದರು. ಶರ್ಯತ್ತಿನ ಓಟದ ಗಾಡಿಗೆ ಹೂಡುತ್ತಿದ್ದವರು, ಕಾಲು ಕುಂಟಾದ ಮೇಲೆ ಕಬ್ಬಿನ ಹೊಲದ ಬದುವಿನಲ್ಲಿ ಬಿಟ್ಟು ಹೋಗಿದ್ದರಂತೆ. ಪಕ್ಕೆಲುಬು ಎಣಿಸಬಹುದಿತ್ತು, ಹೊಟ್ಟೆ ಮಾತ್ರ ಉಬ್ಬಿತ್ತು. ಜಂತು ಇರಬೇಕೆಂದುಕೊಂಡೆವು. ಡಾಕ್ಟರು ಪರೀಕ್ಷಿಸಿ ನಕ್ಕರು: "ಜಂತಲ್ರಿ ಅಕ್ಕಾರ, ಗಬ್ಬ ಐತಿ."

ಗಂಡಸರು ಹತ್ತಿರ ಬಂದರೆ ಅದು ಕಿವಿ ಹಿಂದಕ್ಕೆ ಮಡಚಿ ಒದೆಯುತ್ತಿತ್ತು. ಆಶ್ರಯದಲ್ಲೇ ಇರುವ ಅಜ್ಜ ಜಮಖಂಡಿಯಲ್ಲಿ ನಲವತ್ತು ವರ್ಷ ಟಾಂಗಾ ಹೊಡೆದವರು. ಅವರಿಗೂ ಒಂದು ಒದೆ ಬಿದ್ದಿತ್ತು. ನನಗೆ ಮಾತ್ರ ಸುಮ್ಮನೆ ನಿಲ್ಲುತ್ತಿತ್ತು. ಹಾಗಾಗಿ ಮೈ ತಿಕ್ಕುವುದು, ಮೇವು ಹಾಕುವುದು ನನ್ನ ಪಾಲಿಗೆ ಬಂತು.

ಒಂದು ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಅದು ಬೆವತು, ಮಲಗುತ್ತ ಏಳುತ್ತ ಒದ್ದಾಡುತ್ತಿತ್ತು. ಡಾಕ್ಟರು ಯಾರದೋ ಎಮ್ಮೆ ನೋಡಲು ತುಬಚಿಗೆ ಹೋಗಿದ್ದರು. ಫೋನು ಹಚ್ಚಿದೆ.

"ಏನ್ ಕಾಣಸಾಕತ್ತೈತ್ರಿ?"

"ಒಂದ ಕಾಲು, ಮೂಗಿನ ತುದಿ."

"ಇನ್ನೊಂದು ಕಾಲು ಒಳಗ ಸಿಕ್ಕಿರಬೇಕು. ಎಬ್ಬಿಸಿ ಅಡ್ಡಾಡಸ್ರಿ. ಮರಿ ಸ್ವಲ್ಪ ಹಿಂದಕ್ಕ ಜಾರಿದ್ರ ಕಾಲು ತಾನ ಸರಿ ಆಗಬಹುದು. ನಾ ಬರಾಕತ್ತೇನಿ, ಆದ್ರ ಮುಂದ ಕಬ್ಬಿನ ಟ್ರ್ಯಾಕ್ಟರ್ ಸಾಲು ಐತಿ."

ನಾನು ಮೂರು ಮಕ್ಕಳನ್ನು ಹೆತ್ತವಳೇ ಹೊರತು ಯಾರ ಹೆರಿಗೆಯನ್ನೂ ಮಾಡಿಸಿದವಳಲ್ಲ. ಅಜ್ಜ ಬೇಲಿಯಾಚೆಯಿಂದ, "ಹಗ್ಗ ಸಡ್ಲ ಹಿಡಿ ಯವ್ವಾ. ಮಾತಾಡಸ್ಕೋತ ನಡಿ," ಎಂದರು. ಏನು ಮಾತಾಡಲಿ? ಮಗ್ಗದ ಸುದ್ದಿ, ಸೊಸೆ ಸುಟ್ಟ ರೊಟ್ಟಿಯ ಸುದ್ದಿ, ಬಾಯಿಗೆ ಬಂದದ್ದೆಲ್ಲ ಹೇಳುತ್ತ ನಾಲ್ಕು ಸುತ್ತು ಹಾಕಿಸಿದೆ. ಐದನೆಯ ಸುತ್ತಿಗೆ ಅದು ಧೊಪ್ಪನೆ ಮಲಗಿತು. ಬಗ್ಗಿ ನೋಡಿದರೆ ಎರಡು ಗೊರಸು, ಅವುಗಳ ಮೇಲೆ ಮೂಗು!

"ಎರಡೂ ಬಂದಾವ್ರೀ ಅಜ್ಜಾರ!" ಎಂದು ಕೂಗಿದೆ.

ಕುದುರೆ ಮೂರು ಸಲ ತಿಣುಕಿತು. ಮರಿ ಜಾರಿ ಹುಲ್ಲಿನ ಮೇಲೆ ಬಿತ್ತು. ಮೂಗಿನ ಮೇಲಿನ ಪೊರೆ ಸರಿಸಿ ಸೆರಗಿನಿಂದ ಒರೆಸಿದೆ. ಮರಿ ನನ್ನ ಮುಖಕ್ಕೇ ಸೀನಿತು. ಅಜ್ಜ ಬೇಲಿ ಹಿಡಿದು ಅಳುತ್ತ ನಗುತ್ತಿದ್ದರು.

ಡಾಕ್ಟರು ಏದುಸಿರು ಬಿಡುತ್ತ ಬಂದಾಗ ಮರಿ ನಾಲ್ಕು ಉದ್ದ ಕಾಲು ನಾಲ್ಕು ದಿಕ್ಕಿಗೆ ಚಾಚಿ ನಿಲ್ಲಲು ಹೆಣಗುತ್ತಿತ್ತು.

"ನನಗ ಕೆಲಸಾನ ಉಳಿಸಿಲ್ಲಲ್ರಿ!"

"ಚಾ ಐತ್ರಿ, ಕುಡೀರಿ," ಎಂದೆ.

ಸಂಜೆ ಬಸ್ಸಿನಲ್ಲಿ ಕಂಡಕ್ಟರ್ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಇದೇನ್ರಿ ಯಕ್ಕಾ, ಸೀರಿ ಹಿಂಗ?"

"ಹೆರಿಗಿ ಮಾಡಿಸಿ ಬಂದೇನಪಾ."

"ಯಾರದ್ರಿ?"

"ಕುದರೀದು."

ಬಸ್ಸೆಲ್ಲ ನಕ್ಕಿತು. ಹಿಂದಿನ ಸೀಟಿನ ಮುದುಕಿಯೊಬ್ಬಳು ಮಾತ್ರ ಗಂಭೀರವಾಗಿ, "ಗಂಡೋ, ಹೆಣ್ಣೋ?" ಎಂದು ಕೇಳಿದಳು.

"ಹೆಣ್ಣು."

"ಛಲೋ ಆತು," ಎಂದವಳೇ ಚೀಲದಿಂದ ಬೆಲ್ಲದ ಹೆಂಟೆಯೊಂದನ್ನು ತೆಗೆದು ನನ್ನ ಕೈಗಿಟ್ಟಳು. "ಬಾಣಂತಿಗೆ ಕೊಡು."