ನರ್ಸಮ್ಮನ ಮನೆಯ ಜ್ವರ

ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಗಾದೆಯನ್ನು ತನ್ನ ಅಮ್ಮನನ್ನು ನೋಡಿಯೇ ಕಟ್ಟಿದ್ದಾರೆಂದು ನರ್ಸಮ್ಮನ ಮಗಳಿಗೆ ಚಿಕ್ಕಂದಿನಿಂದಲೂ ಗುಮಾನಿ. ಆಸ್ಪತ್ರೆಯಲ್ಲಿ ಯಾರು ಕೆಮ್ಮಿದರೂ ನರ್ಸಮ್ಮನ ಅಂಗೈ ಅವರ ಹಣೆಯ ಮೇಲೆ. ಸೂಜಿ ಕಂಡರೆ ನಡುಗುವ ಪೊಲೀಸಪ್ಪನನ್ನೂ ‘ನನ್ನಪ್ಪ, ಚಿನ್ನ’ ಎಂದು ರಮಿಸಿಯೇ ಚುಚ್ಚುತ್ತಿದ್ದಳು. ಮನೆಗೆ ಬರುವ ಹೊತ್ತಿಗೆ ಆ ಬೆಣ್ಣೆಯಂಥ ಮಾತೆಲ್ಲ ವಾರ್ಡಿನಲ್ಲೇ ಖರ್ಚಾಗಿರುತ್ತಿತ್ತು. ಮಗಳು ಜ್ವರ ಎಂದರೆ, ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ತೀರ್ಪು: “ಏನೂ ಆಗಿಲ್ಲ. ನೀರು ಕುಡಿದು ಮಲ್ಕೋ.”

ಮಗ ಗೋಡೆಯಿಂದ ಬಿದ್ದು ಕೈ ಮುರಿದುಕೊಂಡಾಗಲೂ ಅದೇ ನೀರು, ಅದೇ ಹಾಸಿಗೆ. ಮಾರನೇ ದಿನ ಅವನನ್ನು ಆಸ್ಪತ್ರೆಗೆ ಕರೆದೊಯ್ದವರು ಶಾಲೆಯ ಮೇಷ್ಟರು. ಅಲ್ಲಿ ರೋಗಿಗಳ ಸಾಲಿನಲ್ಲಿ ಕೂತ ಮೇಲೆ ಅವನಿಗೂ ಒಂದು ‘ಚಿನ್ನ’ ಸಿಕ್ಕಿತು.

ನಿವೃತ್ತಿಯ ದಿನ ಊರವರು ಅವಳನ್ನು ವೇದಿಕೆ ಹತ್ತಿಸಿ ‘ನಮ್ಮೆಲ್ಲರ ತಾಯಿ’ ಎಂದು ಹೊಗಳಿದರು. ಅಷ್ಟು ಜನಕ್ಕೆ ಹಂಚಿದ ಮೇಲೆ ಉಳಿಯುವುದೆಷ್ಟು ಎಂದು ಗೊತ್ತಿದ್ದ ಮಗಳು ಸುಮ್ಮನೆ ಚಪ್ಪಾಳೆ ತಟ್ಟಿದಳು.

ಈಗ ನರ್ಸಮ್ಮನಿಗೆ ಎಂಬತ್ತು ದಾಟಿದೆ. ಮೊನ್ನೆ ಬೆಳಿಗ್ಗೆ ಹಾಸಿಗೆಯಿಂದಲೇ ನರಳಿದಳು.

“ಮೈಯೆಲ್ಲ ಸುಡ್ತಿದೆ ಕಣೇ.”

ಕನ್ನಡಿಯ ಮುಂದೆ ತಲೆ ಬಾಚುತ್ತಿದ್ದ ಮಗಳು ತಿರುಗಲೂ ಇಲ್ಲ. “ಏನೂ ಆಗಿಲ್ಲಮ್ಮ. ನೀರು ಕುಡಿದು ಮಲ್ಕೋ.”

“ಮುಟ್ಟಿ ನೋಡ್ದೆ ಹೇಗೆ ಹೇಳ್ತೀಯ?”

“ನೀನು ಹೇಳ್ತಿರಲಿಲ್ವಾ, ಹಾಗೇ.”

ನರ್ಸಮ್ಮ ಹೊದಿಕೆ ಸರಿಸಿ ಎದ್ದು ಕೂತು, ಕಾಲಿನಿಂದಲೇ ಚಪ್ಪಲಿ ಹುಡುಕತೊಡಗಿದಳು.

“ನನ್ನನ್ನ ಆಸ್ಪತ್ರೆಗೆ ಸೇರಿಸ್ಬಿಡು. ಅಲ್ಲಾದ್ರೆ ಯಾರದ್ದೋ ಅಮ್ಮ ಬಂದು ಹಣೆ ಮುಟ್ಟಿ ನೋಡ್ತಾಳೆ.”