ಬೇರೆ ಗಾಡಿಯ ಗಾಲಿ

ಕಳೆದ ವಾರ ನಮ್ಮ ಎದುರು ಮನೆಯ ಈರಣ್ಣ ತನ್ನ ಹಳೆಯ ಪಿಕಪ್ ಗಾಡಿಗೆ ಗಾಲಿ ಬದಲಿಸಿಕೊಂಡು ಬಂದ. ಹೊಸ ಗಾಲಿ ಅಂತ ಅವನು ಹೇಳಿದ. ಆದರೆ ಅವು ಬೇರೆ ಕಂಪನಿಯ ಯಾವುದೋ ಗಾಡಿಯಿಂದ ಬಿಚ್ಚಿದವು ಎಂದು ನನಗೆ ಕಟ್ಟೆಯ ಮೇಲಿಂದಲೇ ಗೊತ್ತಾಯಿತು. ಬೆಳ್ಳಿಬಣ್ಣ ಹೊಡೆಸಿದ್ದ. ಬಣ್ಣ ಇನ್ನೂ ಹಸಿಯಾಗಿದ್ದು ಅದರ ವಾಸನೆ ನಮ್ಮ ಪಡಸಾಲೆಯವರೆಗೂ ಬರುತ್ತಿತ್ತು. ಎಂಥ ಅಂದದ ಗಾಲಿ ಎಂದು ಓಣಿಯವರೆಲ್ಲ ಹೊಗಳುತ್ತಿರುವಾಗ ನಾನೊಬ್ಬಳು, ಮೊಣಕಾಲು ಹಿಡಿದುಕೊಂಡು ಮೆಟ್ಟಿಲಿಳಿದು ಹೋಗಿ, ‘ನಟ್ಟು ಯಾವುದರದೋ ಈರಣ್ಣ?’ ಎಂದೆ.

ಅವನು ನಕ್ಕ. ‘ನಟ್ಟಿನಾಗ ಏನೈತ್ರಿ ಅಜ್ಜಿ? ಹಳೇವ ಕೂತವು.’

‘ಕೂತಾವು ಖರೇ. ಹ್ಯಾಂಗ ಕೂತಾವ ನೋಡಿದೇನು?’

ಓಣಿಯ ಹೆಂಗಸರು ಬಾಯಿಗೆ ಸೆರಗು ಹಿಡಿದರು. ಸೈಕಲ್ಲಿನ ಮೇಲೆ ಕೂಡಲೂ ಹೆದರುವ, ಬಸ್ಸು ಹತ್ತಿದರೆ ಕಣ್ಣು ಮುಚ್ಚಿಕೊಳ್ಳುವ ಮುದುಕಿ ನಟ್ಟಿನ ವಿಷಯ ಮಾತಾಡಿದರೆ ಯಾರಿಗಾದರೂ ನಗು ಬರುವುದೇ. ಅಡಿಗೆಯಲ್ಲಿ ಉಪ್ಪಿನ ಅಳತೆ ಈಗಲೂ ತಪ್ಪುವ ನನಗೆ ನಟ್ಟಿನ ವಿಷಯ ಮಾತ್ರ ಮರೆಯುವುದಿಲ್ಲ. ಯಾಕೆಂದು ನಿಮಗೆ ಹೇಳುತ್ತೇನೆ. ಅವಸರವಿಲ್ಲದಿದ್ದರೆ ಕೂತುಕೊಳ್ಳಿ.

ನಾನು ಹುಟ್ಟಿ ಬೆಳೆದದ್ದು ಬ್ಯಾಡಗಿಯಲ್ಲಿ. ತಂದೆ ತಾಯಿ ಬೇಗ ಹೋದರು. ನನ್ನನ್ನು ಸಾಕಿದವನು ನನಗಿಂತ ಬಹಳ ದೊಡ್ಡವನಾದ ಅಣ್ಣ, ಚನ್ನಬಸಪ್ಪ. ಊರಿಗೆಲ್ಲ ಅವನು ಚನ್ನಣ್ಣ. ರಾಣೇಬೆನ್ನೂರಿನ ಹತ್ತಿಯ ಗಿರಣಿಯೊಂದು ತನಗೆ ಸಾಕಾಯಿತೆಂದು ಬಿಟ್ಟ ಒಂದು ಸಣ್ಣ ಲಾರಿಯನ್ನು ತಂದು, ಅದರಲ್ಲಿ ಮೆಣಸಿನಕಾಯಿ ಚೀಲ ಹೇರಿಕೊಂಡು ಊರೂರು ತಿರುಗುತ್ತಿದ್ದ. ಚೀಲ ಇಲ್ಲದ ದಿನ ಗುತ್ತಲದ ಸಂತೆಗೆ ಜನರನ್ನು ಕೂಡಿಸಿಕೊಂಡು ಹೋಗುತ್ತಿದ್ದ. ಆ ಲಾರಿ ಬಂದಾಗಲೇ ಮುದಿಯಾಗಿತ್ತು. ಅಣ್ಣ ಅದರ ಜೊತೆ ಮಾತಾಡುತ್ತಿದ್ದ. ಏರಿನಲ್ಲಿ ‘ಬಾರವ್ವಾ, ಇನ್ನ ಸ್ವಲ್ಪ ಐತಿ’ ಎನ್ನುತ್ತಿದ್ದ. ಲಾರಿ ಹೆಣ್ಣೋ ಗಂಡೋ ಎಂದು ನಾನೊಮ್ಮೆ ಕೇಳಿದ್ದಕ್ಕೆ, ‘ಇಷ್ಟ ಸಿಟ್ಟ ಮಾಡತೈತಿ ಅಂದ್ರ ನಿನ್ನಂಗ ಹೆಣ್ಣ ಇರಬೇಕ’ ಎಂದಿದ್ದ.

ಯುದ್ಧದ ಕಾಲ ಬಂತು. ಹೊರದೇಶದಿಂದ ಬರುತ್ತಿದ್ದ ಸಾಮಾನು ನಿಂತಿತು. ಲಾರಿಯ ಗಾಲಿಗಳು ಒಂದೊಂದಾಗಿ ಸೀಳಿದವು. ರಾಣೇಬೆನ್ನೂರಿನ ಹುಸೇನಸಾಬ ಮಿಸ್ತ್ರಿ ಬೆಸುಗೆ ಹಾಕಿದ, ಅದೂ ಬಿಟ್ಟಿತು. ಮತ್ತೆ ಹಾಕಿದ. ಲಾರಿ ತಯಾರಿಸಿದ ಕಂಪನಿಯ ಗಾಲಿ ಹುಡುಕಿಕೊಂಡು ಅಣ್ಣ ಹುಬ್ಬಳ್ಳಿ, ಬೆಳಗಾವಿ ತಿರುಗಿದ, ಸಿಗಲಿಲ್ಲ. ಯುದ್ಧ ಮುಗಿದ ಮೇಲೆ ಯಾರೋ ದಂಡಿನವರು ಬಿಟ್ಟ ಲಾರಿಗಳ ಗಾಲಿಗಳನ್ನು ತಂದಿದ್ದಾರೆಂದು ಸುದ್ದಿ ಬಂತು. ಅಣ್ಣ ಹೋಗಿ ತಂದ. ಅಂಗಳದಲ್ಲಿ ಇಳಿಸಿದಾಗ ಅವನ ಮುಖ ನೋಡಬೇಕಿತ್ತು. ಅಣ್ಣನ ಹೆಂಡತಿ, ಮೊದಲ ಬಾರಿ ಬಸುರಿಯಾಗಿದ್ದ ವೈನಿ, ಬಾಗಿಲಲ್ಲಿ ನಿಂತು, ‘ಇಷ್ಟ ಸಂತೋಷ ನನ್ನ ಮದಿವಿ ಆಗಿ ತರೂ ಮುಂದ ಸೈತ ಇರಲಿಲ್ಲ’ ಎಂದು ನನ್ನ ಕಿವಿಯಲ್ಲಿ ಹೇಳಿದರು.

ತೂತುಗಳು ಸರಿಯಾಗಿ ಕೂತವು. ಆದರೆ ನಟ್ಟು ಕೂಡಲಿಲ್ಲ. ಅಂದರೆ, ಕೂತಂತೆ ಕಾಣಿಸಿತು. ಅಣ್ಣ ನನ್ನನ್ನು ಕರೆದು ತೋರಿಸಿದ. ಅವನಿಗೆ ತಿಳಿದದ್ದನ್ನು ಯಾರಿಗಾದರೂ ತೋರಿಸದೆ ಇರಲು ಆಗುತ್ತಿರಲಿಲ್ಲ. ಹಳೆಯ ಗಾಲಿಯ ತೂತಿನ ಬಾಯಿ ಹಣತೆಯಂತೆ ಒಳಕ್ಕೆ ಇಳಿಜಾರಾಗಿತ್ತು. ನಟ್ಟಿನ ಮೂತಿಯೂ ಹಾಗೇ ಇಳಿಜಾರು. ಒಂದರೊಳಗೊಂದು ಹೋಗಿ ಕಚ್ಚಿಕೊಳ್ಳುತ್ತಿತ್ತು. ಹೊಸ ಗಾಲಿಯ ತೂತಿನ ಬಾಯಿ ಚಪ್ಪಟೆ. ಇಳಿಜಾರು ಮೂತಿಯ ನಟ್ಟು ಅದರ ಅಂಚನ್ನು ಮಾತ್ರ ಮುಟ್ಟಿ ನಿಲ್ಲುತ್ತಿತ್ತು. ಎಷ್ಟು ಬಿಗಿದರೂ ಗಾಡಿ ಕುಲುಕಿದಂತೆಲ್ಲ ಸಡಿಲಾಗುತ್ತಿತ್ತು. ಚಪ್ಪಟೆ ನಟ್ಟು ತರೋಣವೆಂದರೆ ಅದರ ಹಲ್ಲು ನಮ್ಮ ಬೋಲ್ಟಿಗೆ ಹತ್ತಲಿಲ್ಲ. ನಟ್ಟಿಗೂ ಗಾಲಿಗೂ ನಡುವೆ ಹಾಕಲು ಹುಸೇನಸಾಬ ವಾಶರು ಕಡೆದು ಕೊಟ್ಟ. ಅದರಿಂದ ಅರ್ಧ ಕೆಲಸ ಆಯಿತು.

‘ಅರ್ಧ ಆಗೈತಿ ಚನ್ನಣ್ಣ, ಪೂರ್ತಿ ಆಗಿಲ್ಲ. ನಡ್ವನಡ್ವ ನಿಲ್ಲಿಸಿ ಬಿಗೀತಾ ಹೋಗ್ರಿ. ಸುಳ್ಳ ಹೇಳಾಕ ನನಗ ಬರೂದಿಲ್ಲ’ ಎಂದ ಹುಸೇನಸಾಬ.

ಅಣ್ಣ ಹಾಗೇ ಮಾಡಿದ. ಬ್ಯಾಡಗಿಯಿಂದ ಹೊರಟರೆ ಮೋಟೆಬೆನ್ನೂರಿನ ಹುಣಸೆಮರದ ಕೆಳಗೆ ಗಾಡಿ ನಿಲ್ಲಲೇಬೇಕು. ನಟ್ಟು ತಿರುವುವ ಪಾನಾ ಹಿಡಿದು ಇಳಿದು, ನಾಲ್ಕೂ ಗಾಲಿ ಸುತ್ತಿ, ನಟ್ಟು ಬಿಗಿದೇ ಹತ್ತಬೇಕು. ಗಾಡಿಯಲ್ಲಿ ಕೂತವರು ಬೇಸರಪಡುತ್ತಿದ್ದರು. ‘ಏಳ್ರಿ, ಚನ್ನಣ್ಣನ ಪೂಜಾ ಮುಗೀತು’ ಎಂದು ಚೇಷ್ಟೆ ಮಾಡುತ್ತಿದ್ದರು. ಒಮ್ಮೆ ನಾನೂ ಪಾನಾ ಕಸಿದುಕೊಂಡು ತಿರುವಿದೆ. ಎಡಗಡೆಯ ನಟ್ಟುಗಳು ಉಲ್ಟಾ ತಿರುಗುತ್ತವೆಂದು ನನಗೇನು ಗೊತ್ತು? ಬಿಗಿಯುತ್ತಿದ್ದೇನೆ ಎಂದುಕೊಂಡು ಬಿಚ್ಚುತ್ತಿದ್ದೆ. ಅಣ್ಣ ನೆಲದ ಮೇಲೆ ಕೂತು ಹೊಟ್ಟೆ ಹಿಡಿದು ನಕ್ಕ. ಅವನು ಹಾಗೆ ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ.

ವೈನಿಗೆ ನೋವು ಶುರುವಾದದ್ದು ಒಂದು ಬೆಳಿಗ್ಗೆ. ಸೂಲಗಿತ್ತಿ ಗಿರಿಯವ್ವ ಬಂದು ಹೊಟ್ಟೆ ಮುಟ್ಟಿ ನೋಡಿ, ಅಣ್ಣನನ್ನು ಹೊರಗೆ ಕರೆದಳು. ‘ಕೂಸು ಅಡ್ಡ ಐತೆಪಾ. ಇದು ನನ್ನ ಕೈಲೆ ಆಗೂದಲ್ಲ. ಹಾವೇರಿ ದವಾಖಾನಿಗೆ ಒಯ್ಯಿ, ಲಗೂ ಒಯ್ಯಿ.’

ಲಾರಿಯ ಹಿಂದೆ ಹುಲ್ಲು ಹಾಸಿ, ಮೇಲೆ ಕೌದಿ ಹಾಸಿ ವೈನಿಯನ್ನು ಮಲಗಿಸಿದೆವು. ಅವರ ತಲೆ ನನ್ನ ತೊಡೆಯ ಮೇಲಿತ್ತು. ಗಿರಿಯವ್ವ ಕಾಲ ಕಡೆ ಕೂತಳು. ಅಣ್ಣ ಮುಂದೆ ಹತ್ತುವ ಮೊದಲು ನಾಲ್ಕೂ ಗಾಲಿ ಬಿಗಿದ. ಒಂದು ನಟ್ಟನ್ನೂ ಬಿಡಲಿಲ್ಲ.

ದಾರಿ ಎಂಥದಿತ್ತು ಎಂದು ಈಗಿನವರಿಗೆ ಹೇಳಿದರೆ ತಿಳಿಯಲಿಕ್ಕಿಲ್ಲ. ಬರೀ ಕಲ್ಲು, ಚಕ್ಕಡಿಯ ಕೊರಕಲು. ಒಂದೊಂದು ಕುಲುಕಿಗೂ ವೈನಿ ನನ್ನ ಕೈ ಕಚ್ಚುತ್ತಿದ್ದರು. ಬೇನೆ ಬಂದಾಗ ಚೀರುವುದು, ಹೋದಾಗ ‘ಇನ್ನ ಎಷ್ಟ ದೂರ ಐತಿ?’ ಎನ್ನುವುದು. ಮೋಟೆಬೆನ್ನೂರು ಬಂತು. ಹುಣಸೆಮರ ಕಾಣಿಸಿತು. ಗಾಡಿ ಸಾವಕಾಶವಾಯಿತು. ಅದೇ ಹೊತ್ತಿಗೆ ವೈನಿಗೆ ಮತ್ತೊಂದು ಬೇನೆ ಬಂತು. ಅರ್ಧ ಎದ್ದು, ಮುಂದಿನ ಹಲಗೆಗೆ ಕೈ ಬಡಿದು ಕೂಗಿದರು: ‘ನಿಲ್ಲಬ್ಯಾಡ್ರಿ! ನಿಮ್ಮ ಕಾಲ ಬೀಳತೀನಿ, ನಿಲ್ಲಬ್ಯಾಡ್ರಿ, ನಡೀರಿ!’

ಒಂದು ಕ್ಷಣ ಗಾಡಿ ಹಾಗೇ ತೆವಳಿತು. ಆಮೇಲೆ ಜೋರಾಯಿತು. ಹುಣಸೆಮರ ಹಿಂದೆ ಹೋಯಿತು.

ಊರು ದಾಟಿ ಬಹಳ ದೂರವೇನೂ ಹೋಗಿರಲಿಲ್ಲ. ಮುಂದಿನ ಎಡಗಾಲಿ ಕಳಚಿ, ನಮಗಿಂತ ಮುಂದೆ ತಾನೇ ಉರುಳುತ್ತ ಹೊಲಕ್ಕೆ ಇಳಿದದ್ದನ್ನು ನಾನು ಕಂಡೆ. ಲಾರಿ ಮೂಗು ಮುರಿದುಕೊಂಡಂತೆ ಬಾಗಿ ಪಕ್ಕದ ತಗ್ಗಿಗೆ ಬಿತ್ತು. ಗಿರಿಯವ್ವನಿಗೆ ತೋಳು ಮುರಿಯಿತು. ನನಗೆ ಹಣೆಯ ಮೇಲೆ ಗಾಯ, ಅಷ್ಟೆ. ವೈನಿ ಹಲಗೆಗೆ ಬಡಿದು ಎಚ್ಚರ ತಪ್ಪಿದ್ದರು. ಮೋಟೆಬೆನ್ನೂರಿನ ರೈತರು ಓಡಿಬಂದು ಚಕ್ಕಡಿ ಕಟ್ಟಿದರು. ಎತ್ತುಗಳ ಜೊತೆ ಅಣ್ಣನೂ ನೊಗಕ್ಕೆ ಕೈ ಕೊಟ್ಟು ಹಾವೇರಿಯವರೆಗೆ ಓಡಿದ.

ಕೂಸು ಗಂಡು. ಹೊಟ್ಟೆಯಲ್ಲೇ ಹೋಗಿತ್ತು. ವೈನಿಯನ್ನು ಉಳಿಸಿದರು. ಮುಂದೆ ಮಕ್ಕಳಾಗುವುದಿಲ್ಲ ಎಂದು ದಾಕ್ತರರು ಅಣ್ಣನಿಗೆ ಬಾಗಿಲ ಹೊರಗೆ ಹೇಳಿದರು.

ಸುದ್ದಿ ಕೇಳಿ ಬ್ಯಾಡಗಿಯಿಂದ ಮಂದಿ ಬಂದರು. ಹ್ಯಾಂಗಾತು, ಹ್ಯಾಂಗಾತು ಎಂದರು. ಅಣ್ಣ ಎಲ್ಲರಿಗೂ ಒಂದೇ ಉತ್ತರ ಕೊಟ್ಟ: ‘ನಟ್ಟು ಬಿಗಿಯೂದ ಮರತೆ.’

ನಾನು ಅವನನ್ನು ದವಾಖಾನೆಯ ಹಿಂದಿನ ಬೇವಿನ ಮರದ ಹತ್ತಿರ ಕರೆದುಕೊಂಡು ಹೋಗಿ ಕೇಳಿದೆ. ‘ಮರತೆ ಅಂತ ಯಾಕ ಹೇಳಾಕತ್ತಿ? ನೀ ಸಾವಕಾಶ ಮಾಡಿದ್ದಿ. ವೈನಿನ…’

ಅವನು ನನ್ನ ಬಾಯಿಯ ಮೇಲೆ ಕೈಯಿಟ್ಟ. ಕೈಗೆ ಎಣ್ಣೆ, ರಕ್ತ ಎರಡರ ವಾಸನೆಯೂ ಇತ್ತು. ‘ಬ್ಯಾನ್ಯಾಗ ಅಂದದ್ದು ಅಕಿಗೆ ನೆನಪ ಇರಾಕಿಲ್ಲ. ಎಂದೂ ನೆನಪ ಮಾಡಿ ಕೊಡಬ್ಯಾಡ. ಕೂಸು ಹೋತು, ಅಕಿಯಾದರೂ ಉಳೀಲಿ. ನಾ ಮರತೆ ಅಂತನ ಇರಲಿ.’ ಆಗಲಿ ಎಂದು ಮಾತು ಕೊಟ್ಟೆ.

ಒಳಗೆ ಹೋಗಿ ವೈನಿಗೂ ಅದನ್ನೇ ಹೇಳಿದ. ಅವರು ಅವನ ಮುಖ ನೋಡಿದರು. ತುಟಿ ಅಲುಗಿತು. ಆಮೇಲೆ ಗೋಡೆಯ ಕಡೆ ಹೊರಳಿದರು. ಅಂದಿನಿಂದ ಆ ಮನೆಯಲ್ಲಿ ಗಂಡ ಹೆಂಡಿರ ನಡುವೆ ‘ಊಟಕ್ಕ ಏಳ್ರಿ’ ಎಂಬುದರ ಹೊರತು ಹೆಚ್ಚಿನ ಮಾತು ನಾನು ಕೇಳಲಿಲ್ಲ. ಹೆಂಡತಿಗೆ ಅವನ ಮೇಲೆ ಸಿಟ್ಟು, ಇರಬೇಕಾದದ್ದೇ ಎಂದು ಊರು ಹೇಳಿತು. ನಾನೂ ಹಾಗೇ ತಿಳಿದೆ.

ಲಾರಿಯನ್ನು ಅಣ್ಣ ಎತ್ತಿಸಲೇ ಇಲ್ಲ. ಅದು ಆ ತಗ್ಗಿನಲ್ಲೇ ತುಕ್ಕು ಹಿಡಿಯಿತು. ಒಂದಿಷ್ಟು ದಿನ ಮನೆಯಲ್ಲಿ ಕೂತ. ಆಮೇಲೆ ಪಾನಾ ಹಿಡಿದುಕೊಂಡು ರಾಣೇಬೆನ್ನೂರಿನ ಬಸ್ಸು ನಿಲ್ಲುವ ಜಾಗಕ್ಕೆ ಹೋಗತೊಡಗಿದ. ನಿಂತ ಬಸ್ಸು, ಲಾರಿಗಳ ಗಾಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ನಟ್ಟು ಮುಟ್ಟಿ ನೋಡುವುದು, ಬಿಗಿಯುವುದು. ಗುರುತಿನ ಚಾಲಕರು ಮೊದಮೊದಲು ಕನಿಕರಪಟ್ಟರು. ‘ನೋಡ್ರಿ ಚನ್ನಣ್ಣ, ನೋಡಿ ಕಳಸ್ರಿ ನಮ್ಮನ್ನ’ ಎನ್ನುತ್ತಿದ್ದರು. ಹೊಸಬರು ಬಯ್ದು ಎಬ್ಬಿಸುತ್ತಿದ್ದರು. ಒಬ್ಬ ಕಪಾಳಕ್ಕೆ ಹೊಡೆದನಂತೆ. ಹುಸೇನಸಾಬ ಓಡಿಹೋಗಿ ಬಿಡಿಸಿ ತನ್ನ ಅಂಗಡಿಗೆ ಕರೆದುಕೊಂಡು ಬಂದು, ‘ಆ ವಾಶರು ನಾನ ಕಡದದ್ದು ಚನ್ನಣ್ಣ, ನನ್ನನ್ನ ಬೈರಿ, ನನ್ನನ್ನ ಹೊಡೀರಿ’ ಎಂದು ಅತ್ತನಂತೆ. ಅಣ್ಣ ಅವನ ಬೆನ್ನು ಸವರಿ, ಚಹಾ ಕುಡಿದು, ಮತ್ತೆ ಬಸ್ಸಿನ ಹತ್ತಿರ ಹೋದ.

ನನ್ನನ್ನು ಹಾವೇರಿಗೆ ಕೊಟ್ಟು ಮದುವೆ ಮಾಡಿದರು. ತವರಿಗೆ ಹೋದಾಗೆಲ್ಲ ಅವನು ಇನ್ನಷ್ಟು ಸಣ್ಣಗಾಗಿರುತ್ತಿದ್ದ. ನೋಡುವ ಮೊದಲೇ ಹೊರಟುಬಿಡುವ ಬಸ್ಸುಗಳ ಹಿಂದೆ ‘ತಡೀರಿ, ತಡೀರಿ’ ಎಂದು ಓಡುವ ಮಟ್ಟಕ್ಕೆ ಬಂದಿತ್ತು. ಒಂದು ಬೇಸಿಗೆಯ ಮಧ್ಯಾಹ್ನ ಹಾಗೇ ಓಡಿ ಬಿದ್ದವನು ಏಳಲಿಲ್ಲ. ನಲವತ್ತೂ ತುಂಬಿರಲಿಲ್ಲ. ಕೈಯೊಳಗಿನ ಪಾನಾ ಬಿಡಿಸಲು ಕಷ್ಟವಾಯಿತು ಎಂದು ಹುಸೇನಸಾಬ ಹೇಳಿದ. ವೈನಿ ಹೆಣದ ಮುಂದೆ ಅಳಲಿಲ್ಲ. ಅದಕ್ಕೂ ಊರು ಆಡಿಕೊಂಡಿತು.

ನನ್ನವರು ತೀರಿಕೊಂಡ ಮೇಲೆ ವೈನಿಯನ್ನು ನಾನೇ ಕರೆದುಕೊಂಡು ಬಂದೆ. ಎಷ್ಟೋ ವರ್ಷದಿಂದ ಇಬ್ಬರೂ ಒಂದೇ ಒಲೆಯ ಅಡಿಗೆ ಉಂಡಿದ್ದೇವೆ. ಅಣ್ಣನ ಮಾತು ಮಾತ್ರ ಬರುತ್ತಿರಲಿಲ್ಲ. ಅವನಿಗೆ ಕೊಟ್ಟ ಮಾತು ಉಳಿಸಿಕೊಂಡಿದ್ದೇನೆ ಎಂದು ನನಗೊಂದು ಸಮಾಧಾನವೂ ಇತ್ತು.

ಕಳೆದ ವಾರ ಈರಣ್ಣನೊಂದಿಗೆ ವಾದಿಸಿ ನಾನು ಒಳಗೆ ಬಂದಾಗ ವೈನಿ ಪಡಸಾಲೆಯಲ್ಲಿ ಬತ್ತಿ ಹೊಸೆಯುತ್ತ ಕೂತಿದ್ದರು. ತಲೆ ಎತ್ತದೆ ಕೇಳಿದರು. ‘ನಟ್ಟ ಬದಲಿ ಮಾಡ್ತಾನಂತೇನು?’

‘ನಾಳೆ ಮಿಸ್ತ್ರಿಗೆ ತೋರಸ್ತೀನಿ ಅಂದಾನ್ರಿ.’

‘ನಾಳೆ ಅನ್ನಬ್ಯಾಡ ಅಂತ ಹೇಳು ಅವಗ.’ ಬತ್ತಿ ಹೊಸೆಯುತ್ತಲೇ ಅದೇ ದನಿಯಲ್ಲಿ ಹೇಳಿದರು. ‘ಅವತ್ತ ನಿಲ್ಲಬ್ಯಾಡ್ರಿ ಅಂದಾಕಿ ನಾನು.’

ನಾನು ಅವರ ಹತ್ತಿರ ಕೂತೆ. ‘ನಿಮಗ… ನೆನಪೈತೇನ್ರಿ ವೈನಿ?’

‘ಎಂದ ಮರತಿದ್ದೆ ತಂಗಿ? ದವಾಖಾನ್ಯಾಗ ಬಂದು ಅವರು ಮರತೆ ಅಂದ್ರು. ಅಲ್ರಿ, ನಾನ ನಿಲ್ಲಬ್ಯಾಡ ಅಂದೆ, ಅಂತ ಬಾಯಿ ತಗದೆ. ಮಾತ ಹೊರಡಲಿಲ್ಲ. ನಾಳೆ ಹೇಳಿದ್ರಾತು ಅಂದೆ. ಆಮ್ಯಾಲೆ ದಿನಾ ಬುತ್ತಿ ಕಟ್ಟಿ ಕೈಯಾಗ ಕೊಡೂಮುಂದ ಇವತ್ತ ಹೇಳಬೇಕು, ಇವತ್ತ ಹೇಳಬೇಕು ಅಂತ… ಅವರ ಮಾರಿ ನೋಡೂ ಧೈರ್ಯ ಆಗ್ತಿರಲಿಲ್ಲ ನನಗ. ಮಂದಿ ಸಿಟ್ಟ ಅಂದ್ರು.’ ಕೈಯೊಳಗಿನ ಹತ್ತಿ ಕೆಳಗಿಟ್ಟರು. ‘ಗಾಡಿ ಸಪ್ಪಳದಾಗ ನನ್ನ ಮಾತು ಅವರಿಗೆ ಕೇಳಿರಾಕಿಲ್ಲ, ಖರೇನ ಮರತಾರ ಅಂತ ಹೇಳ್ಕೋತ ಇಷ್ಟ ದಿನ ಜೀವ ಹಿಡದೀನಿ. ನೀ ಅಲ್ಲೇ ಇದ್ದಿ. ಹೇಳು. ಕೇಳಿತ್ತೇನು ಅವರಿಗೆ?’

ಅಣ್ಣನಿಗೆ ಕೊಟ್ಟ ಮಾತು ನೆನಪಾಯಿತು. ಇಲ್ಲ ಎನ್ನಬಹುದಿತ್ತು. ಆದರೆ ಎಂಬತ್ತರ ಹತ್ತಿರದ ಆ ಮುಖ ಉತ್ತರಕ್ಕಾಗಿ ನನ್ನ ಕಡೆ ತಿರುಗಿದ್ದ ರೀತಿ ನೋಡಿ ಸುಳ್ಳು ಹೇಳಲು ನನ್ನಿಂದಾಗಲಿಲ್ಲ.

‘ಕೇಳಿತ್ರಿ. ಸಾವಕಾಶ ಮಾಡಿದ್ದ. ನೀವು ಅಂದ ಮ್ಯಾಲೆ ಮತ್ತ ಜೋರ ಬಿಟ್ಟ. ನಿಮಗ ಹೇಳಬ್ಯಾಡ ಅಂತ ನನ್ನ ಕಡೆ ಮಾತ ತಗೊಂಡಿದ್ದ.’

ಗಂಡನ ಹೆಸರನ್ನು ಒಂದು ದಿನವೂ ಬಾಯಿಂದ ತೆಗೆಯದಿದ್ದ ಆ ಹೆಂಗಸು, ಎದುರಿಗೆ ನಿಂತವನನ್ನು ಕರೆದ ಹಾಗೆ ‘ಚನ್ನಬಸಪ್ಪಾ’ ಎಂದರು. ಮತ್ತೊಮ್ಮೆ ಕರೆದರು. ಹೆಣದ ಮುಂದೆ ಬಾರದಿದ್ದ ಅಳು ಆಗ ಬಂತು. ಅವರ ತಲೆಯನ್ನು ನನ್ನ ತೊಡೆಯ ಮೇಲೆ ತೆಗೆದುಕೊಂಡು ಕೂತೆ.